ಪ್ರಿನ್ಸೆಪ್: ಒಂದು ಮನೆತನದ ಸಂಚಾರ

ಆಂಗ್ಲ ಕುಲನಾಮವೊಂದರ ಚರಿತ್ರೆಯನ್ನು ಅರಸುವವರು ಇಂಗ್ಲೆಂಡಿನ ಇಗರ್ಜಿಗಳ ದಫ್ತರಗಳನ್ನೇ ತಿರುವಬೇಕೆಂಬ ನಿಯಮವಿಲ್ಲ; ಕಾಶಿಯ ಬೀದಿಗಳಡಿ ಕಮಾನು ಕಟ್ಟಿದ ಚರಂಡಿಯೂ ಪ್ರಿನ್ಸೆಪ್ ಮನೆತನದ ಒಂದು ಅಧ್ಯಾಯವನ್ನು ಹೇಳಬಲ್ಲುದು. ಬಿಸ್ಟರಿನ ಪಾದ್ರಿಯ ಮಗನಾದ ಜಾನ್ ಪ್ರಿನ್ಸೆಪ್ 1771ರಲ್ಲಿ ಬಂಗಾಳಕ್ಕೆ ಬಂದು, ನೀಲಿಯ ಉದ್ಯಮದಲ್ಲಿ ವಿಪುಲ ಧನವನ್ನಾರ್ಜಿಸಿ, ಸ್ವದೇಶಕ್ಕೆ ಮರಳಿ ಪಾರ್ಲಿಮೆಂಟಿನ ಸದಸ್ಯನೂ ಆದನು. ಸಂಪತ್ತೇನೋ ಕರಗಿತು, ಆದರೆ ತಂದೆ ತುಳಿದ ದಾರಿಯನ್ನು ಮಕ್ಕಳಲ್ಲಿ ಹಲವರು ಬಿಡಲಿಲ್ಲ.

ಅವರಲ್ಲಿ ಜೇಮ್ಸ್, 1820ರಿಂದ 1830ರವರೆಗೆ ಕಾಶಿಯ ಟಂಕಸಾಲೆಯಲ್ಲಿ ಲೋಹಪರೀಕ್ಷಕನಾಗಿದ್ದು, ಬೆಳ್ಳಿಯ ಒರೆ ನೋಡಿ ಉಳಿದ ಹೊತ್ತಿನಲ್ಲಿ ನಗರದ ಜನಗಣತಿ ಮಾಡಿಸಿದನು, ನಿಂತ ನೀರನ್ನು ಗಂಗೆಗೆ ಹರಿಯಿಸಲು ಸುರಂಗ ತೋಡಿಸಿದನು, ಕರ್ಮನಾಶಾ ನದಿಗೆ ಕಲ್ಲಿನ ಸೇತುವೆಯನ್ನು ಕಟ್ಟಿಸಿದನು, ಘಟ್ಟಗಳ ಮೆಟ್ಟಿಲುಗಳನ್ನೂ ಜನಜಂಗುಳಿಯನ್ನೂ ಚಿತ್ರಿಸಿದನು. ಲೋಕ ನೆನೆಯುವುದು 1837ರಲ್ಲಿ ಅವನು ಬ್ರಾಹ್ಮೀ ಲಿಪಿಯನ್ನು ಓದಿದುದನ್ನು. ಕಾಶಿಯ ನಿವಾಸಿಗೆ ಆ ಸುರಂಗವೇ ಹೆಚ್ಚಿನ ಉಪಕಾರವೆಂದರೆ ತಪ್ಪಾಗಲಾರದು. ಕನ್ನಡಿಗರಿಗಂತೂ ಆ ಲಿಪಿಯ ಓದೇ ಮುಖ್ಯ: 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸರು ಬ್ರಹ್ಮಗಿರಿಯಲ್ಲಿ ಕಂಡ ಅಶೋಕಶಾಸನಗಳನ್ನು ಓದಲು ಆ ಕೀಲಿಯೇ ಬೇಕಾಯಿತು.

ಜೇಮ್ಸನ ಸೋದರ ಚಾರ್ಲ್ಸ್ ರಾಬರ್ಟ್ ಸಿಂಗಪುರದಲ್ಲಿ ಜಾಯಿಕಾಯಿಯ ತೋಟ ಮಾಡಿದನು. ಅಲ್ಲಿನ ಬೀದಿಯೊಂದಕ್ಕೆ ಅವನ ಹೆಸರಿದೆ. ಅವನ ಮಗ ಹೆನ್ರಿ ಚಾರ್ಲ್ಸ್ 1866ರಲ್ಲಿ ಪಶ್ಚಿಮ ಆಸ್ಟ್ರೇಲಿಯಕ್ಕೆ ಹೋಗಿ, ಮುಂದೆ ಅಲ್ಲಿಯ ಆದಿವಾಸಿಗಳ ಸಂರಕ್ಷಣಾಧಿಕಾರಿಯೆನಿಸಿದನು. ಮತ್ತೊಬ್ಬ ಸೋದರನ ಮಗ, ಕಲ್ಕತ್ತೆಯಲ್ಲಿ ಹುಟ್ಟಿದ ವ್ಯಾಲೆಂಟೈನ್, ಲಂಡನ್ನಿನಲ್ಲಿ ಚಿತ್ರಕಾರನಾದನು.