ಕರುಳಿನ ಚೀಲಗಳು: ಲಂಡನ್ನಿನಲ್ಲಿ ಎಡಕ್ಕೆ, ಟೋಕಿಯೋದಲ್ಲಿ ಬಲಕ್ಕೆ

ಹೊಟ್ಟೆಯ ಕೆಳಭಾಗದಲ್ಲಿ ಬಲಕ್ಕೆ ನೋವು, ಜೊತೆಗೆ ಸಣ್ಣ ಜ್ವರ ಎಂದರೆ ಯಾವ ಡಾಕ್ಟರಿಗಾದರೂ ಮೊದಲು ನೆನಪಾಗುವುದು ಅಪೆಂಡಿಕ್ಸ್. ಜಪಾನ್, ಕೊರಿಯಾ, ಸಿಂಗಪುರಗಳ ಸರ್ಜನ್‌ಗಳು ಮಾತ್ರ ಇನ್ನೊಂದು ಸಾಧ್ಯತೆಯನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ದೊಡ್ಡಕರುಳಿನ ಗೋಡೆಯಲ್ಲಿ ಮೂಡಿದ ಪುಟ್ಟ ಚೀಲವೊಂದು ಊದಿಕೊಂಡಿದ್ದರೂ ನೋವು ಹೀಗೇ ಇರುತ್ತದೆ. ಇದೇ ಕಾಯಿಲೆಯ ಬಿಳಿಯ ಇಂಗ್ಲಿಷ್ ರೋಗಿ ಸಾಮಾನ್ಯವಾಗಿ ಕೈಯಿಟ್ಟು ತೋರಿಸುವುದು ಹೊಟ್ಟೆಯ ಎಡಭಾಗವನ್ನು.

ಈ ಚೀಲಗಳಿಗೆ ಡೈವರ್ಟಿಕ್ಯುಲಾ ಎಂದು ಹೆಸರು. ದೊಡ್ಡಕರುಳಿಗೆ ರಕ್ತ ತರುವ ಸಣ್ಣ ನಾಳಗಳು ಹೊರಗಿನಿಂದ ಅದರ ಸ್ನಾಯುಪದರವನ್ನು ತೂರಿಕೊಂಡು ಒಳಗೆ ಹೋಗುತ್ತವೆ. ತೂರುವ ಜಾಗದಲ್ಲಿ ಗೋಡೆಗೆ ಬಲ ಕಡಿಮೆ. ಒಳಗಿನ ಒತ್ತಡ ಹೆಚ್ಚಿದಾಗ, ಸವೆದ ಟೈರಿನ ಸೀಳಿನಿಂದ ಟ್ಯೂಬು ಉಬ್ಬಿ ಬರುವ ಹಾಗೆ, ಕರುಳಿನ ಒಳಪದರ ಅಲ್ಲಿಂದ ಹೊರಕ್ಕೆ ಉಬ್ಬುತ್ತದೆ. ಚೀಲದ ಗಾತ್ರ ಸಾಮಾನ್ಯವಾಗಿ 5ರಿಂದ 10 ಮಿಲಿಮೀಟರ್. ಪಾಶ್ಚಾತ್ಯ ದೇಶಗಳಲ್ಲಿ 60 ದಾಟಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇವು ಇರುತ್ತವೆ. ಬಹುಪಾಲು ಜನರಿಗೆ ಅದು ಗೊತ್ತೇ ಆಗುವುದಿಲ್ಲ. ಕೆಲವರಿಗೆ ಮಾತ್ರ ಚೀಲ ಊದಿಕೊಂಡು ಕೀವಾಗುತ್ತದೆ, ತೂತು ಬೀಳುತ್ತದೆ, ಇಲ್ಲವೇ ಪಕ್ಕದ ರಕ್ತನಾಳ ಒಡೆಯುತ್ತದೆ.

ಊರೂರಿಗೆ, ಜನಜನಕ್ಕೆ ಇದು ಯಾಕೆ ಬೇರೆ? ಈ ಪ್ರಶ್ನೆಗೆ ಹೆಸರುವಾಸಿಯಾದ ಉತ್ತರ ಬಂದದ್ದು 1971ರಲ್ಲಿ. ಉಗಾಂಡದಲ್ಲಿ ವರ್ಷಗಟ್ಟಲೆ ಸರ್ಜನ್ ಆಗಿದ್ದ ಡೆನಿಸ್ ಬರ್ಕಿಟ್ ಮತ್ತು ಲಂಡನ್ನಿನ ನೀಲ್ ಪೇಂಟರ್ ಸೇರಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಬರೆದರು. ಆಫ್ರಿಕಾದ ಹಳ್ಳಿಗರಲ್ಲಿ ಈ ಕಾಯಿಲೆ ಇಲ್ಲವೆನ್ನುವಷ್ಟು ವಿರಳ. ಬ್ರಿಟನ್ನಿನಲ್ಲಿ ಅದು ಹೆಚ್ಚಿದ್ದು 1880ರ ಸುಮಾರಿಗೆ ಉಕ್ಕಿನ ರೋಲರ್ ಗಿರಣಿಗಳು ಬಂದು, ತೌಡು ಕಳೆದ ಬಿಳಿ ಹಿಟ್ಟು ಎಲ್ಲರ ಮನೆ ಸೇರಿದ ಮೇಲೆ. ನಾರಿಲ್ಲದ ಊಟದಿಂದ ಮಲ ಗಟ್ಟಿಯಾಗುತ್ತದೆ, ಅದನ್ನು ದೂಡಲು ಕರುಳು ಬಿಗಿಯಾಗಿ ಹಿಂಡುತ್ತದೆ, ಆ ಒತ್ತಡಕ್ಕೆ ಚೀಲ ಏಳುತ್ತದೆ ಎಂಬುದು ಅವರ ವಾದ. ಸರಳವಾದ, ಮನಸ್ಸಿಗೆ ಒಪ್ಪುವ ವಾದ. ಇಡೀ ಜಗತ್ತು ನಾರಿನಂಶದ ಕಡೆ ತಿರುಗಿದ್ದರಲ್ಲಿ ಬರ್ಕಿಟ್ ಅವರ ಪಾಲು ದೊಡ್ಡದು.

ಆದರೆ ಇದರಿಂದ ಟೋಕಿಯೋದ ರೋಗಿಯ ವಿಷಯ ಬಗೆಹರಿಯುವುದಿಲ್ಲ. ಎಡಭಾಗದಲ್ಲಿರುವ ಸಿಗ್ಮಾಯ್ಡ್ ಎಂಬ ತುಂಡು ಇಕ್ಕಟ್ಟಾದದ್ದು. ಅಲ್ಲಿ ಒತ್ತಡ ಏರುತ್ತದೆ, ಮಲವೂ ಗಟ್ಟಿಯಾಗಿರುತ್ತದೆ. ಬಿಳಿಯರ ಚೀಲಗಳು ಬಹುಪಾಲು ಇಲ್ಲೇ ಇರುತ್ತವೆ. ಬಲಭಾಗದ ಕರುಳು ಅಗಲ, ಅಲ್ಲಿ ಮಲ ಇನ್ನೂ ನೀರುನೀರಾಗಿರುತ್ತದೆ. ಒತ್ತಡವೇ ಮುಖ್ಯ ಕಾರಣವಾದರೆ ಪೂರ್ವ ಏಷ್ಯಾದವರ ಚೀಲಗಳು ಅಲ್ಲಿ ಯಾಕೆ ಏಳಬೇಕು?

ಇಲ್ಲಿ ವಲಸೆ ಹೋದವರ ಕರುಳು ಸಾಕ್ಷಿ ಹೇಳುತ್ತದೆ. ಹವಾಯಿಗೆ ಹೋಗಿ ನೆಲೆಸಿದ ಜಪಾನೀಯರ ಶವಪರೀಕ್ಷೆಗಳ ವರದಿಯೊಂದು 1973ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟು ದೇಹಗಳಲ್ಲಿ ಚೀಲಗಳಿದ್ದವು. ಜಪಾನಿನಲ್ಲಿ ಆಗ ಇದು ಅಪರೂಪವೆಂದೇ ಎಣಿಕೆಯಾಗಿದ್ದ ಕಾಯಿಲೆ. ಸಂಖ್ಯೆ ಅಮೆರಿಕದವರ ಮಟ್ಟಕ್ಕೆ ಏರಿತ್ತು, ಆದರೆ ಚೀಲಗಳು ಮಾತ್ರ ಹೆಚ್ಚಾಗಿ ಬಲಭಾಗದಲ್ಲೇ ಇದ್ದವು. ಹೊಸ ನೆಲದ ಊಟ, ಬದುಕಿನ ರೀತಿ ಚೀಲಗಳನ್ನು ಹೆಚ್ಚಿಸಿರಬೇಕು. ಅವು ಎಲ್ಲಿ ಏಳಬೇಕೆಂಬುದು ಬಹುಶಃ ಹುಟ್ಟಿನಿಂದಲೇ ಬಂದದ್ದು. ನನ್ನ ದೃಷ್ಟಿಯಲ್ಲಿ ಈ ಕಾಯಿಲೆಯ ಬಗ್ಗೆ ಇಷ್ಟು ಸ್ಪಷ್ಟವಾಗಿ ಮಾತಾಡುವ ಪುರಾವೆ ಇನ್ನೊಂದಿಲ್ಲ.

ನೆದರ್ಲೆಂಡ್ಸಿನ ವಲಸಿಗರಲ್ಲಿ ಮಾತ್ರ ಚೀಲಗಳು ಸ್ಥಳೀಯರಿಗಿಂತ ವಿರಳವೆಂದು ಕಂಡುಬಂದಿದೆ. ಸ್ವೀಡನ್ನಿನಿಂದ 2006ರಲ್ಲಿ ಬಂದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪಾಶ್ಚಾತ್ಯೇತರ ದೇಶಗಳಿಂದ ಬಂದವರು ಈ ಕಾಯಿಲೆಗೆ ಆಸ್ಪತ್ರೆ ಸೇರುವುದು ಕಡಿಮೆ. ಆದರೆ ಬಂದು ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಅಪಾಯ ಏರತೊಡಗುತ್ತದೆ. ಲಂಡನ್ನಿನಲ್ಲೂ ಭಾರತ ಉಪಖಂಡದ ಮೂಲದವರು ಇದಕ್ಕಾಗಿ ದಾಖಲಾಗುವುದು ಉಳಿದವರಿಗಿಂತ ಕಡಿಮೆಯೆಂದು 2004ರ ಅಧ್ಯಯನ ಹೇಳಿತು. ನಮ್ಮ ರಾಗಿಮುದ್ದೆ, ಸೊಪ್ಪುಸಾರುಗಳೇ ನಮ್ಮನ್ನು ಕಾಯುತ್ತಿವೆ ಎಂದು ಇದನ್ನು ಓದಿ ಹಿಗ್ಗುವುದು ಸುಲಭ. ಆದರೆ ಸ್ವೀಡನ್ನಿನ ಲೆಕ್ಕ ನೋಡಿದರೆ ಇಂಥ ರಕ್ಷಣೆ ತಲೆತಲಾಂತರಕ್ಕೆ ಉಳಿಯುವಂಥದ್ದಲ್ಲ.

ನಾರಿನ ಕಥೆಗೂ ತಿದ್ದುಪಡಿ ಬಂದಿದೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಕೊಲೊನೋಸ್ಕೊಪಿ ಮಾಡಿಸಿಕೊಂಡ 2,104 ಜನರನ್ನು ಪರಿಶೀಲಿಸಿದ ತಂಡ 2012ರಲ್ಲಿ ಹೇಳಿದ್ದು ಹೀಗೆ: ಹೆಚ್ಚು ನಾರು ತಿನ್ನುವವರಲ್ಲಿ ಚೀಲಗಳು ಕಡಿಮೆಯಿರಲಿಲ್ಲ, ಬದಲಿಗೆ ಹೆಚ್ಚೇ ಇದ್ದವು. ಮಲಬದ್ಧತೆಗೂ ಚೀಲಕ್ಕೂ ನಂಟು ಕಾಣಲಿಲ್ಲ. ಹಾಗೆಂದು ನಾರನ್ನು ಬಿಡಬೇಕಿಲ್ಲ. ಚೀಲ ಇರುವುದು ಬೇರೆ, ಅದರಿಂದ ಕಾಯಿಲೆ ಬೀಳುವುದು ಬೇರೆ. ಬ್ರಿಟನ್ನಿನ ಸುಮಾರು 47,000 ಜನರ ಅಧ್ಯಯನದಲ್ಲಿ (2011) ಸಸ್ಯಾಹಾರಿಗಳಿಗೆ ಕಾಯಿಲೆ ಬೀಳುವ ಅಪಾಯ ಶೇ. 31ರಷ್ಟು ಕಡಿಮೆ ಇತ್ತು.

ಹುಟ್ಟಿನ ಪಾಲು ಎಷ್ಟು? ಸ್ವೀಡನ್ ಮತ್ತು ಡೆನ್ಮಾರ್ಕ್‌ನ ಅವಳಿಗಳ ಅಧ್ಯಯನಗಳ ಪ್ರಕಾರ ಶೇ. 40ರಿಂದ 50ರ ಆಸುಪಾಸು. ಮುಂದೆ ಹತ್ತಾರು ಜೀನ್‌ಗಳ ಸುಳಿವೂ ಸಿಕ್ಕಿತು. ಕರುಳಿನ ಗೋಡೆಯ ಸಂಯೋಜಕ ಅಂಗಾಂಶಕ್ಕೆ, ಸ್ನಾಯು ಮತ್ತು ನರಗಳ ಕೆಲಸಕ್ಕೆ ಸಂಬಂಧಿಸಿದ ಜೀನ್‌ಗಳು ಅವುಗಳಲ್ಲಿವೆ. ಬೇಸರದ ಸಂಗತಿಯೆಂದರೆ, ಆ ಹುಡುಕಾಟ ನಡೆದದ್ದು ಬಹುತೇಕ ಯುರೋಪ್ ಮೂಲದವರ ರಕ್ತದಲ್ಲಿ, ಅಂದರೆ ಎಡಭಾಗದ ಚೀಲದವರಲ್ಲಿ.

ರೋಗಿಗೆ ಈ ಎಡ-ಬಲದ ವ್ಯತ್ಯಾಸ ದೊಡ್ಡದು. ಬಲಭಾಗದ ಉರಿಯೂತ ಸಾಮಾನ್ಯವಾಗಿ ಕಿರಿಯ ವಯಸ್ಸಿಗೆ ಬರುತ್ತದೆ, ತೀವ್ರತೆ ಕಡಿಮೆ, ಆಪರೇಷನ್ ಇಲ್ಲದೆಯೇ ಹೆಚ್ಚಿನವರಲ್ಲಿ ವಾಸಿಯಾಗುತ್ತದೆ. ಅಪೆಂಡಿಕ್ಸ್ ಎಂದುಕೊಂಡು ಹೊಟ್ಟೆ ಕೊಯ್ಯುವ ಮೊದಲು ಸಿಟಿ ಸ್ಕ್ಯಾನ್ ಮಾಡಿದರೆ ಸಾಮಾನ್ಯವಾಗಿ ವಿಷಯ ತಿಳಿಯುತ್ತದೆ. ಆದರೆ ರಕ್ತಸ್ರಾವದ ಭಯ ಬಲಭಾಗದ ಚೀಲಗಳಿಗೇ ಜಾಸ್ತಿ. ನೋವೇ ಇಲ್ಲದೆ, ಇದ್ದಕ್ಕಿದ್ದಂತೆ ಕಡುಗೆಂಪು ರಕ್ತ ಹೋಗಬಹುದು. ನಮ್ಮ ಮನೆಗಳಲ್ಲಿ ಅದನ್ನು ಮೂಲವ್ಯಾಧಿ ಎಂದುಕೊಂಡು ನಾಚಿಕೆಯಿಂದ ಮುಚ್ಚಿಡುವ ಹಿರಿಯರಿದ್ದಾರೆ. ವಯಸ್ಸಾದವರಿಗೆ ಹಾಗೆ ರಕ್ತ ಹೋದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿಯನ್ನೂ ಡಾಕ್ಟರಿಗೆ ತೋರಿಸಿ.