ಅರಾವಳಿಯ ಸೈಕಲ್ ದಾರಿಗಳೂ ಕೆರೆಯ ನೀರೂ

ಬೆಟ್ಟ, ಕೆರೆ, ಕಡಲು ಇವೆಲ್ಲ ಊರಿನ ಕಡೆಯ ಭಾಗ್ಯ, ದೆಹಲಿ ಎಂದರೆ ಬರಿಯ ಬಯಲು ಎಂಬ ಮಾತನ್ನು ನಮ್ಮವರ ಬಾಯಲ್ಲಿ ಆಗಾಗ ಕೇಳುತ್ತೇವೆ. ಕಡಲು ದೂರವೆಂಬುದು ನಿಜವೆ. ಆದರೆ ಬೆಟ್ಟಕ್ಕೂ ಕೆರೆಗೂ ಬಹುದೂರ ಹೋಗಬೇಕಾಗಿಲ್ಲ. ಗುಜರಾತಿನಲ್ಲಿ ಮೊದಲಾಗಿ ರಾಜಸ್ಥಾನವನ್ನು ಹಾದು ಸುಮಾರು ೬೭೦ ಕಿಲೋಮೀಟರು ಬರುವ ಅರಾವಳಿ ಬೆಟ್ಟಸಾಲು ದೆಹಲಿಯೊಳಕ್ಕೇ ಬಂದು, ಯಮುನೆಯ ದಡದ ವಜೀರಾಬಾದಿನ ಬಳಿ ಮುಗಿಯುತ್ತದೆ. ನಗರದ ದಕ್ಷಿಣದಲ್ಲಿ ಅದರ ಮಗ್ಗುಲಿಗೇ ಸೂರಜ್‌ಕುಂಡ, ಬಡ್‌ಖಲ್, ದಮ್‌ದಮಾ ಎಂಬ ಜಲಾಶಯಗಳಿವೆ. ಈಚಿನ ವರ್ಷಗಳಲ್ಲಿ ಭಾನುವಾರ ಬೆಳಗಾದರೆ ಸೈಕಲೇರಿ ಈ ಗುಡ್ಡಗಳ ಕಾಲುದಾರಿ ಹಿಡಿಯುವ ತರುಣರು ಹೆಚ್ಚಿದ್ದಾರೆ. ನಮ್ಮವರ ಮನೆಯ ಮಕ್ಕಳೂ ಅವರಲ್ಲಿದ್ದಾರೆ. ಇಂಥ ದಾರಿ ಹೇಗಿದ್ದರೆ ಬಾಳುತ್ತದೆ, ಹೇಗಿದ್ದರೆ ಕೆಡುತ್ತದೆ, ಅದಕ್ಕೂ ಕೆರೆಗೂ ಇರುವ ನಂಟೇನು ಎಂಬುದನ್ನು ಇಲ್ಲಿ ತಿಳಿಸಬಯಸುತ್ತೇವೆ.

ಮೊದಲು ಸೈಕಲಿನ ವಿಷಯ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಒಂದು ಕಡೆ ಪೆಸಿಫಿಕ್ ಸಾಗರ, ಮಡಿಲಲ್ಲಿ ಕುಡಿಯುವ ನೀರಿನ ಕೆರೆಗಳು ಇರುವ ಟಮಾಲ್ಪೈಸ್ ಎಂಬ ಬೆಟ್ಟವಿದೆ. ೧೯೭೦ರ ದಶಕದಲ್ಲಿ ಆ ಸುತ್ತಿನ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲುಗಳನ್ನು ಗುಡ್ಡದ ಮೇಲಕ್ಕೆ ಒಯ್ದು ಮಣ್ಣುದಾರಿಯಲ್ಲಿ ಇಳಿಸತೊಡಗಿದರು. ೧೯೭೬ರಲ್ಲಿ ಪಂದ್ಯವನ್ನೇ ಏರ್ಪಡಿಸಿದರು. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಅದರಿಂದಲೇ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರಾಯಿತು. ೧೯೭೭ರಲ್ಲಿ ಜೋ ಬ್ರೀಜ್ ಎಂಬವರು ಈ ಕೆಲಸಕ್ಕೆಂದೇ ಹೊಸ ಸೈಕಲನ್ನು ಕಟ್ಟಿದರು. ೧೯೯೬ರ ಅಟ್ಲಾಂಟಾ ಒಲಿಂಪಿಕ್ ಕ್ರೀಡಾಕೂಟದಲ್ಲಿ ಇದಕ್ಕೂ ಸ್ಥಾನ ಸಿಕ್ಕಿತು. ಇಂದು ಅಂಗಡಿಯಲ್ಲಿ ‘ಎಂಟಿಬಿ’ ಎಂದು ಕೇಳಿದರೆ ಕೊಡುವ ಸೈಕಲು ಇದರ ಸಂತಾನ: ಅಗಲವಾದ ಗಂಟುಗಂಟಿನ ಟೈರು, ಗಟ್ಟಿ ಚೌಕಟ್ಟು, ಏರು ಹತ್ತಲು ಹಗುರವಾದ ಗಿಯರು, ಮುಂದಿನ ಚಕ್ರಕ್ಕೆ ಕುಲುಕು ತಡೆಯುವ ಫೋರ್ಕು.

ಇನ್ನು ದಾರಿಯ ವಿಷಯ. ಬೆಟ್ಟದ ದಾರಿಗೆ ಶತ್ರು ಚಕ್ರವಲ್ಲ, ನೀರು. ದೆಹಲಿಯಲ್ಲಿ ವರ್ಷಕ್ಕೆ ಸುಮಾರು ೭೫ ಸೆಂಟಿಮೀಟರು ಮಳೆ. ಅದರ ಬಹುಭಾಗ ಜುಲೈಯಿಂದ ಸೆಪ್ಟೆಂಬರಿನವರೆಗೆ ಕೆಲವೇ ಜಡಿಮಳೆಗಳಲ್ಲಿ ಸುರಿದುಹೋಗುತ್ತದೆ. ಗುಡ್ಡದ ನೆತ್ತಿಯಿಂದ ಬುಡಕ್ಕೆ ನೆಟ್ಟಗೆ ಇಳಿಯುವ ದಾರಿ ಸವಾರನಿಗೆ ಹತ್ತಿರವಾದರೆ ನೀರಿಗೂ ಹತ್ತಿರವೆ. ಚಕ್ರದ ಗೆರೆಯಲ್ಲಿ ನೀರು ಸೇರಿ ಓಡುತ್ತದೆ, ಮಣ್ಣು ಕೊಚ್ಚುತ್ತದೆ. ಎರಡು ಮಳೆಗಾಲದಲ್ಲಿ ದಾರಿಯಿದ್ದಲ್ಲಿ ಕೊರಕಲು ಉಳಿಯುತ್ತದೆ. ಆಗ ಸವಾರರು ಅದರ ಪಕ್ಕದಲ್ಲಿ ಇನ್ನೊಂದು ದಾರಿ ಮಾಡುತ್ತಾರೆ. ಅದೂ ಕೊರಕಲಾಗುತ್ತದೆ.

ಇದನ್ನು ತಡೆಯುವ ಉಪಾಯಗಳು ಸರಳವಾದವು. ದಾರಿ ಇಳಿಜಾರಿಗೆ ಅಡ್ಡಲಾಗಿ, ಗುಡ್ಡವನ್ನು ಸುತ್ತಿಕೊಂಡು ಹೋಗಬೇಕು. ನೂರು ಅಡಿ ನಡೆದರೆ ಹತ್ತು ಅಡಿ ಏರುವಷ್ಟು ಓರೆ, ಸರಾಸರಿಯಲ್ಲಿ ಅದಕ್ಕಿಂತ ಹೆಚ್ಚಾಗಬಾರದು. ಯಾವ ಜಾಗದಲ್ಲಿಯೂ ದಾರಿಯ ಓರೆ ಆ ಗುಡ್ಡದ ಮೈಯ ಓರೆಯ ಅರ್ಧವನ್ನು ಮೀರಬಾರದು. ಮೀರಿದರೆ ನೀರು ದಾರಿಯನ್ನು ಅಡ್ಡ ಹಾಯದೆ ಅದರಲ್ಲಿಯೇ ಹರಿಯತೊಡಗುತ್ತದೆ. ದಾರಿಯ ಹೊರಗಿನ ಅಂಚು ಒಳಗಿನದಕ್ಕಿಂತ ತುಸು ತಗ್ಗಾಗಿರಬೇಕು. ಅಲ್ಲಲ್ಲಿ ಏರುದಾರಿ ಒಂದು ಗೇಣು ಇಳಿದು ಮತ್ತೆ ಏರಬೇಕು. ಸವಾರನಿಗೆ ಅದು ಉಯ್ಯಾಲೆಯ ಸುಖ. ನೀರಿಗೆ ಅದು ಹೊರಹೋಗುವ ಬಾಗಿಲು. ಹೊಲಕ್ಕೆ ಬದು ಹಾಕಿ ನೀರಿನ ಓಟ ಮುರಿಯುವುದನ್ನು ಕಂಡವರಿಗೆ ಈ ಲೆಕ್ಕ ಹೊಸದೇನೂ ಅಲ್ಲ.

ಇಲ್ಲಿಯೇ ಕೆರೆಯ ಮಾತು ಬರುತ್ತದೆ. ಹತ್ತನೆಯ ಶತಮಾನದಲ್ಲಿ ತೋಮರ ಅರಸ ಸೂರಜ್‌ಪಾಲನು ಕಟ್ಟಿಸಿದನೆನ್ನುವ ಸೂರಜ್‌ಕುಂಡ ತುಂಬುತ್ತಿದ್ದುದು ಗುಡ್ಡದಿಂದ ಇಳಿದ ಮಳೆನೀರಿನಿಂದ. ೧೯೪೭ರಲ್ಲಿ ವ್ಯವಸಾಯಕ್ಕಾಗಿ ಏರಿ ಹಾಕಿದ ಬಡ್‌ಖಲ್ ಕೆರೆಯೂ ಹಾಗೆಯೆ. ದೋಣಿ ವಿಹಾರಕ್ಕೆ ಹೆಸರಾಗಿದ್ದ ಈ ಕೆರೆ ೨೦೦೦ದ ನಂತರ ಕೆಲವೇ ವರ್ಷಗಳಲ್ಲಿ ಒಣ ಬಯಲಾಯಿತು. ಕಲ್ಲುಗಣಿಗಳು ನೀರು ಬರುವ ಹಳ್ಳಗಳನ್ನು ಕಡಿದವು. ಕೊಳವೆ ಬಾವಿಗಳು ನೆಲದೊಳಗಿನ ನೀರನ್ನು ಹೀರಿದವು. ಫರಿದಾಬಾದ್, ಗುರುಗ್ರಾಮ, ಮೇವಾತ್ ಜಿಲ್ಲೆಗಳ ಅರಾವಳಿಯಲ್ಲಿ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ೨೦೦೯ರಲ್ಲಿ ನಿಲ್ಲಿಸಿತು. ಆ ಹೊತ್ತಿಗೆ ಕೆರೆ ಬತ್ತಿತ್ತು. ಶುದ್ಧೀಕರಿಸಿದ ಚರಂಡಿ ನೀರಿನಿಂದ ಅದನ್ನು ತುಂಬಿಸುವ ಯತ್ನ ಈಚೆಗೆ ನಡೆದಿದೆ.

ಸೈಕಲಿನಿಂದ ಕೆರೆ ಬತ್ತಿತೆಂದು ಯಾರೂ ಹೇಳಲಾರರು. ಆದರೆ ಗಣಿ ದೊಡ್ಡದಾಗಿ ಮಾಡಿದ್ದನ್ನೇ ಕೆಟ್ಟ ದಾರಿ ಸಣ್ಣದಾಗಿ ಮಾಡುತ್ತದೆ: ನೀರಿನ ಹಾದಿ ತಪ್ಪಿಸುತ್ತದೆ, ಮೇಲಿನ ಮಣ್ಣನ್ನು ಕೆಳಕ್ಕೆ ತಂದು ಹೂಳು ತುಂಬಿಸುತ್ತದೆ. ಬೆಣಚುಕಲ್ಲಿನ ಈ ಹಳೆಯ ಬೆಟ್ಟದ ಮೇಲೆ ಮಣ್ಣಿನ ಹೊದಿಕೆ ತೆಳುವಾದದ್ದು. ಒಮ್ಮೆ ಹೋದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಿಂದಿರುಗದು. ಸರಿಯಾಗಿ ಆರೈಕೆ ಮಾಡಿದರೆ ಬೆಟ್ಟ ಚೇತರಿಸುವುದೂ ಉಂಟು. ಗುರುಗ್ರಾಮದಲ್ಲಿ ಗಣಿ ಅಗೆದು ಬಿಟ್ಟಿದ್ದ ಸುಮಾರು ೩೯೦ ಎಕರೆ ಜಾಗದಲ್ಲಿ ೨೦೧೦ರಿಂದ ನಾಗರಿಕರೇ ಮುಂದಾಗಿ ಅರಾವಳಿಯ ಸ್ವಂತ ಗಿಡಮರಗಳನ್ನು ಬೆಳೆಸಿದರು. ಅಭಯಾರಣ್ಯವಲ್ಲದಿದ್ದರೂ ಜೀವವೈವಿಧ್ಯ ಉಳಿಸುವ ತಾಣವೆಂಬ ಮನ್ನಣೆ ಭಾರತದಲ್ಲಿ ಮೊದಲು ದೊರೆತದ್ದು ಅದಕ್ಕೆ, ೨೦೨೨ರಲ್ಲಿ.

ಇಂಗ್ಲೆಂಡಿನಲ್ಲಿ ‘ಲೇಕ್ ಡಿಸ್ಟ್ರಿಕ್ಟ್’ ಎಂಬ ಕೆರೆನಾಡು ಪಶ್ಚಿಮದ ಕಡಲಿಗೆ ಹತ್ತಿರದಲ್ಲಿದೆ. ಅಲ್ಲಿಯೂ ಗುಡ್ಡದ ದಾರಿಗಳು ಮಳೆಗೆ ಕೊಚ್ಚಿಹೋಗುತ್ತವೆ. ಸ್ವಯಂಸೇವಕರು ಕಲ್ಲು ಹಾಸಿ, ಕಾಲುವೆ ತೋಡಿ ಸರಿಪಡಿಸುತ್ತಿರುತ್ತಾರೆ. ೧೯೬೮ರ ಕಾನೂನಿನಂತೆ ಅಲ್ಲಿ ಕುದುರೆದಾರಿಗಳಲ್ಲಿ ಸೈಕಲ್ ಸವಾರಿಗೆ ಹಕ್ಕುಂಟು. ಆದರೆ ಕಾಲ್ನಡೆಯವರಿಗೂ ಕುದುರೆಯವರಿಗೂ ಸವಾರನು ದಾರಿ ಬಿಡಲೇಬೇಕು. ನಮ್ಮಲ್ಲಿ ಅಂಥ ಬರೆದ ಹಕ್ಕು ಇಲ್ಲ. ಅರಾವಳಿಯ ಜಾಡುಗಳನ್ನು ಮಾಡಿದವರು ದನಕರು ಮೇಯಿಸುವ ಹಳ್ಳಿಗರು; ನಾವು ಅವರ ಅತಿಥಿಗಳು. ಬೆಲ್ಲು ಬಾರಿಸಿ ಓಡಿಸುವುದಕ್ಕಿಂತ ಇಳಿದು ನಿಂತು ಹಸುಗಳಿಗೆ ದಾರಿ ಬಿಡುವುದು ಮೇಲು.

ಹೋಗಬಯಸುವವರಿಗೆ ಕೆಲವು ಮಾತು. ಅಕ್ಟೋಬರ್, ಫೆಬ್ರವರಿ, ಮಾರ್ಚ್ ತಿಂಗಳುಗಳು ಹಿತವಾದವು. ಚಳಿಗಾಲದ ಹೊಗೆಮಂಜಿನಲ್ಲಿ ಏದುಸಿರು ಬಿಡುವ ಸಾಹಸ ಬೇಡ. ಮಳೆಯ ಮರುದಿನ ಒದ್ದೆ ಮಣ್ಣಿನ ಮೇಲೆ ಚಕ್ರ ಇಳಿಸಬೇಡಿ. ಇಳಿಯುವಾಗ ಹಿಂದಿನ ಬ್ರೇಕನ್ನು ಬಿಗಿಹಿಡಿದು ಚಕ್ರ ಎಳೆಸಿದರೆ ಅದು ನೇಗಿಲಿನಂತೆ ನೆಲ ಉಳುತ್ತದೆ. ಎರಡು ಬ್ರೇಕುಗಳನ್ನೂ ಮೆಲ್ಲಗೆ ಒತ್ತಿ. ನಮ್ಮ ಕಡೆ ಬಳ್ಳಾರಿ ಜಾಲಿ ಎನ್ನುವ ಗಿಡ ಇಲ್ಲಿಯೂ ಗುಡ್ಡವನ್ನೆಲ್ಲ ಹಬ್ಬಿದೆ. ಅದರ ಮುಳ್ಳಿಗೆ ಟೈರು ಉಳಿಯದು, ಇನ್ನೊಂದು ಟ್ಯೂಬು, ಪಂಪು ಜೊತೆಗಿರಲಿ. ಹೆಲ್ಮೆಟ್ಟು, ಎರಡು ಲೀಟರು ನೀರು, ಒಬ್ಬ ಜೊತೆಗಾರ ಇರಲೇಬೇಕು. ಈ ಕಾಡುಗಳಲ್ಲಿ ಚಿರತೆಗಳಿವೆ. ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಅವಕ್ಕೆ ಬೆಟ್ಟವನ್ನು ಬಿಟ್ಟುಕೊಡಿ. ಅಸೋಲಾ ಭಟ್ಟಿ ವನ್ಯಧಾಮಕ್ಕೆ ಅನುಮತಿಯಿಲ್ಲದೆ ನುಗ್ಗಬೇಡಿ.

ವಿಜಯಪುರ, ಬಾಗಲಕೋಟೆಗಳು ದೇಶಕ್ಕೆ ಒಳ್ಳೆಯ ಸೈಕಲ್ ಪಟುಗಳನ್ನು ಕೊಟ್ಟಿವೆ. ಕೆರೆ ಕಟ್ಟಿ, ಕೋಡಿ ಕಾಯ್ದು ಬಾಳಿದ ಜನವೂ ನಮ್ಮದೆ. ಎರಡು ಬಗೆಯ ಬುದ್ಧಿಯೂ ಅರಾವಳಿಯಲ್ಲಿ ಕೆಲಸಕ್ಕೆ ಬರುತ್ತವೆ. ಮುಂದಿನ ಸಲ ಹೋದಾಗ ದಾರಿಯ ಮೇಲೆ ನೀರು ಹರಿದ ಗುರುತು ಕಂಡರೆ, ಇಳಿದು ನಾಲ್ಕು ಕಲ್ಲು ಅಡ್ಡ ಇಟ್ಟು ನೀರನ್ನು ಪಕ್ಕದ ಹುಲ್ಲಿಗೆ ತಿರುಗಿಸಿ. ಐದು ನಿಮಿಷದ ಕೆಲಸವದು.