ಏರ್‌ಗನ್ನಿಗೆ ಬೇಕಾದದ್ದು ಚರೆಯೋ, ಪೆಲೆಟ್ಟೋ?

ಕಳೆದ ಮುಂಗಾರಿನಲ್ಲಿ ಮುಸುಕಿನ ಜೋಳ ಹಾಲು ತುಂಬುವ ಹೊತ್ತಿಗೆ ನಮ್ಮ ತಾಲ್ಲೂಕಿನ ರೈತರೊಬ್ಬರು ಹುಬ್ಬಿನ ಮೇಲೆ ಪಟ್ಟಿ ಹಾಕಿಕೊಂಡು ಕಚೇರಿಗೆ ಬಂದರು. ಗಿಳಿಗಳ ಕಾಟ ತಡೆಯಲಾರದೆ ಅಟ್ಟದ ಮೇಲಿದ್ದ ಹಳೆಯ ಏರ್‌ಗನ್ ಇಳಿಸಿ, ಪೇಟೆಯ ಅಂಗಡಿಯೊಂದರಲ್ಲಿ "ಏರ್‌ಗನ್ನಿನ ಚರೆ ಕೊಡಿ" ಎಂದು ಕೇಳಿದ್ದರಂತೆ. ಅಂಗಡಿಯವರು ತಾಮ್ರದ ಬಣ್ಣದ ದುಂಡು ಗುಂಡುಗಳ ಡಬ್ಬಿ ಕೊಟ್ಟರು. ಪಂಪ್‌ಸೆಟ್ ಮನೆಯ ಕಲ್ಲುಗೋಡೆಗೆ ಹೊಡೆದರೆ ಸದ್ದಿಗೆ ಗಿಳಿ ಏಳುತ್ತವೆಂದು ಇವರು ಹೊಡೆದರು. ಗುಂಡು ಗೋಡೆಗೆ ಬಡಿದು ಹಾಗೆಯೇ ಹಿಂದಕ್ಕೆ ಸಿಡಿದು ಹುಬ್ಬಿಗೆ ತಾಗಿತು. ಅರ್ಧ ಅಂಗುಲ ಕೆಳಗಾಗಿದ್ದರೆ ಕಣ್ಣು ಹೋಗುತ್ತಿತ್ತು.

"ನಾನು ಕೇಳಿದ್ದೂ ಚರೆ, ಅವರು ಕೊಟ್ಟದ್ದೂ ಚರೆ. ಇದರಲ್ಲಿ ತಪ್ಪೆಲ್ಲಾಯ್ತು ಸಾರ್?" ಎಂದರು.

ತಪ್ಪಾದದ್ದು ಹೆಸರಿನಲ್ಲಿ. ನಮ್ಮಲ್ಲಿ ಬಂದೂಕಿನಿಂದ ಹೊರಡುವ ಸಣ್ಣದೆಲ್ಲವೂ ಚರೆ, ದೊಡ್ಡದೆಲ್ಲವೂ ಗುಂಡು. ರೈತ ಬಾಂಧವರೇ, ಈ ರೂಢಿ ಕೋವಿಯ ಕಾಲದ್ದು. ಕೋವಿಯ ತೋಟೆಯೊಳಗೆ ಕೇಪು, ಮದ್ದು, ಮದ್ದಿನ ಮೇಲೆ ಹತ್ತಾರು ಸೀಸದ ಚರೆ ಇರುತ್ತವೆ. ಹೊಡೆದಾಗ ಎಲ್ಲವೂ ಒಟ್ಟಿಗೆ ಹರಡಿಕೊಂಡು ಹೋಗುತ್ತವೆ. ಏರ್‌ಗನ್ನಿನಲ್ಲಿ ಮದ್ದೂ ಇಲ್ಲ, ತೋಟೆಯೂ ಇಲ್ಲ. ಸ್ಪ್ರಿಂಗಿನ ಬಲದಿಂದಲೋ, ತುಂಬಿಟ್ಟ ಗಾಳಿಯ ಬಲದಿಂದಲೋ ಒಂದು ಸಲಕ್ಕೆ ಒಂದೇ ಕಾಳು ಹೊರಡುತ್ತದೆ. ಆದ್ದರಿಂದ ಇದಕ್ಕೆ ಹಾಕುವುದನ್ನು ಚರೆಯೆಂದೂ, ತೋಟೆಯೆಂದೂ ಕೇಳಬಾರದು.

ನಳಿಗೆ ಮುರಿದು ಕಾಳು ತುಂಬುವ ಸಾಮಾನ್ಯ ಏರ್‌ಗನ್ನಿಗೆ ಬೇಕಾದದ್ದು ಪೆಲೆಟ್. ಅಂಗೈಯಲ್ಲಿಟ್ಟುಕೊಂಡು ನೋಡಿ: ನಡು ಸಣ್ಣ, ಎರಡು ತುದಿ ಅಗಲ, ಥೇಟ್ ಶಿವನ ಡಮರುಗ. ಸೀಸದಿಂದ ಮಾಡಿದ್ದು, ಹಿಂದುಗಡೆ ಲಂಗದಂತೆ ಟೊಳ್ಳು. ಗಾಳಿ ಒತ್ತಿದಾಗ ಈ ಮೆತ್ತನೆಯ ಲಂಗ ಅರಳಿ ನಳಿಗೆಯ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ, ಗಾಳಿ ಸೋರುವುದಿಲ್ಲ. ನಳಿಗೆಯೊಳಗೆ ತಿರುಪಿನಂಥ ಗೀರುಗಳಿದ್ದರೆ ಪೆಲೆಟ್ ಅದನ್ನು ಹಿಡಿದು ಬುಗುರಿಯಂತೆ ಸುತ್ತುತ್ತಾ ಹೊರಬಂದು ನೇರವಾಗಿ ಸಾಗುತ್ತದೆ. ಹಿಂಭಾಗ ಹಗುರವಾದ್ದರಿಂದ ಶಟಲ್ ಕಾಕಿನ ಹಾಗೆ ಮೂತಿ ಮುಂದಾಗಿಯೇ ಇರುತ್ತದೆ. ಮೂತಿ ಚಪ್ಪಟೆ, ದುಂಡು, ಚೂಪು ಎಂದು ಬಗೆಬಗೆ ಉಂಟು. ಚಪ್ಪಟೆ ಮೂತಿಯದು ಕಾಗದದ ಗುರಿಗೆ ದುಂಡನೆಯ ತೂತು ಮಾಡುವುದರಿಂದ ಸ್ಪರ್ಧೆಗಳಲ್ಲಿ ಅದೇ ಬಳಕೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ. ಚೂಪು ಮೂತಿಯದು ಹೆಚ್ಚು ನೇರ ಹೋಗುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಹಾಗೇನಿಲ್ಲ; ದುಂಡು ಮೂತಿಯದೇ ದೂರಕ್ಕೆ ವಾಸಿ.

ಆ ರೈತರಿಗೆ ಸಿಕ್ಕಿದ್ದು ಪೆಲೆಟ್ ಅಲ್ಲ, ಬಿಬಿ. ಉಕ್ಕಿನ ದುಂಡು ಗುಂಡು, ಮೇಲೆ ತಾಮ್ರದ ಲೇಪ. ಬಾಲ್ ಬೇರಿಂಗಿನ ಗುಂಡು ಆದ್ದರಿಂದ ಬಿಬಿ ಎಂದು ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ಇಂಗ್ಲಿಷಿನವರು ಕೋವಿಯ ಚರೆಗಳನ್ನು ಗಾತ್ರಕ್ಕೆ ತಕ್ಕಂತೆ ಬಿ, ಬಿಬಿ, ಬಿಬಿಬಿ ಎಂದು ಕರೆಯುತ್ತಿದ್ದರು. ಅದರಲ್ಲಿ ನಡುವಿನದು ಇದು. ಇದರ ಚರಿತ್ರೆಗೂ ಬೇಸಾಯಕ್ಕೂ ನಂಟಿದೆ. ಅಮೆರಿಕದ ಮಿಷಿಗನ್ ರಾಜ್ಯದ ಪ್ಲಿಮತ್ ಊರಿನಲ್ಲಿ ನೀರೆತ್ತುವ ಗಾಳಿಯಂತ್ರ ಮಾಡುವ ಕಂಪೆನಿಯೊಂದಿತ್ತು. 1880ರ ದಶಕದ ಕೊನೆಯಲ್ಲಿ, ಗಾಳಿಯಂತ್ರ ಕೊಂಡ ರೈತರಿಗೆ ಲೋಹದ ಏರ್‌ಗನ್ ಒಂದನ್ನು ಪುಕ್ಕಟೆ ಕೊಡತೊಡಗಿತು. ರೈತರಿಗೆ ಗಾಳಿಯಂತ್ರಕ್ಕಿಂತ ಏರ್‌ಗನ್ನೇ ಹಿಡಿಸಿತು. 1895ರಲ್ಲಿ ಕಂಪೆನಿ ಹೆಸರನ್ನೇ ಡೈಸಿ ಎಂದು ಬದಲಿಸಿಕೊಂಡು ಬಂದೂಕಿನ ವ್ಯಾಪಾರಕ್ಕೆ ಇಳಿಯಿತು. (ನಮ್ಮ ಪಂಪ್‌ಸೆಟ್ ಕಂಪೆನಿಗಳು ಒಂದು ಗೋಡೆ ಗಡಿಯಾರ ಕೊಟ್ಟರೆ ಹೆಚ್ಚು!) ಆಗ ಬಿಬಿ ಸೀಸದ್ದು, ಉಕ್ಕಿನದು ಆಮೇಲೆ ಬಂತು.

ಬಿಬಿ ಇರುವುದು ಒಳಗೆ ಗೀರಿಲ್ಲದ ನುಣುಪು ನಳಿಗೆಯ, ಅದಕ್ಕೆಂದೇ ಮಾಡಿದ ಬಂದೂಕಿಗೆ. ಪೆಲೆಟ್ ಹಾಕುವ ಏರ್‌ಗನ್ನಿಗೆ ಅದನ್ನು ಹಾಕಿದರೆ ಮೂರು ಕೇಡು. ಅಳತೆಯಲ್ಲಿ ಕೂದಲೆಳೆ ಸಣ್ಣದಾದ್ದರಿಂದ ಗಾಳಿ ಪಕ್ಕದಿಂದ ಸೋರುತ್ತದೆ. ತಡೆಯಿಲ್ಲದೆ ಒಳಗಿನ ಪಿಸ್ಟನ್ ರಭಸದಿಂದ ಬಡಿದು ವಾಷರ್, ಸ್ಪ್ರಿಂಗ್ ಹಾಳಾಗುತ್ತವೆ. ಗಟ್ಟಿ ಉಕ್ಕು ನಳಿಗೆಯ ಗೀರುಗಳನ್ನು ಸವೆಸುತ್ತದೆ. ಮೂರನೆಯದು ಹುಬ್ಬಿನ ಮೇಲೆ ಕಂಡದ್ದು: ಸೀಸ ಕಲ್ಲಿಗೆ ಬಡಿದರೆ ಬಹುಮಟ್ಟಿಗೆ ಅಪ್ಪಚ್ಚಿಯಾಗುತ್ತದೆ, ಉಕ್ಕು ಚೆಂಡಿನಂತೆ ಪುಟಿಯುತ್ತದೆ. ಹಾಗೆಂದು ಸೀಸದ್ದು ಸಿಡಿಯುವುದೇ ಇಲ್ಲವೆಂದು ತಿಳಿಯಬೇಡಿ. ಕಲ್ಲು, ತಗಡು, ನೀರಿನ ಕಡೆಗೆ ಯಾವುದನ್ನೂ ಹೊಡೆಯಬಾರದು.

ಬಾಲದಲ್ಲಿ ಕುಚ್ಚಿರುವ ಡಾರ್ಟ್, ಭಾರವಾದ ಸ್ಲಗ್ ಎಂಬ ಬಗೆಗಳೂ ಇವೆ. ಡಾರ್ಟ್ ನುಣುಪು ನಳಿಗೆಗೆ. ಸ್ಲಗ್ ಸಿಲಿಂಡರಿನಲ್ಲಿ ಗಾಳಿ ತುಂಬುವ ಬಲವಾದ ಬಂದೂಕಿಗೆ. ನಮ್ಮ ಸ್ಪ್ರಿಂಗ್ ಏರ್‌ಗನ್ನಿಗೆ ಎರಡೂ ಬೇಡ.

ಇನ್ನು ಡಬ್ಬಿಯ ಮೇಲಿನ ಅಂಕಿಗಳು. .177 ಎಂದರೂ 4.5 ಮಿಲಿಮೀಟರ್ ಎಂದರೂ ಒಂದೇ ಅಳತೆ. ಮೊದಲನೆಯದು ಅಂಗುಲದ ಲೆಕ್ಕ. .22 ಎಂದರೆ 5.5 ಮಿಲಿಮೀಟರ್. ಇಲ್ಲಿ ಬಹಳ ಎಚ್ಚರ ಬೇಕು. ಮದ್ದಿರುವ ರೈಫಲ್ ತೋಟೆಗೂ .22 ಎಂಬ ಹೆಸರಿದೆ. ಅಂಗಡಿಯಲ್ಲಿ ಬರೀ "ಟ್ವೆಂಟಿ ಟೂ ಗುಂಡು" ಎಂದರೆ ಅರ್ಥ ಎರಡಾಯಿತು. ಅಲ್ಲದೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177ಕ್ಕಿಂತ ದೊಡ್ಡ ನಳಿಗೆಯ, ಇಲ್ಲವೆ 20 ಜೂಲ್‌ಗಿಂತ ಹೆಚ್ಚು ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಕು. ನಿಮ್ಮ ಬಂದೂಕಿನ ಅಳತೆ ಯಾವುದೆಂದು ನಳಿಗೆಯ ಮೇಲೆ ಕೆತ್ತಿದ್ದನ್ನು ಓದಿ ಬರೆದುಕೊಂಡು ಪೇಟೆಗೆ ಹೋಗಿ.

ತೂಕವನ್ನು ಗ್ರೇನ್ ಲೆಕ್ಕದಲ್ಲಿ ಬರೆದಿರುತ್ತಾರೆ. ಇದನ್ನು ಗ್ರಾಂ ಎಂದು ಓದಬೇಡಿ. .177ರ ಪೆಲೆಟ್ ಸಾಮಾನ್ಯವಾಗಿ 7ರಿಂದ 10 ಗ್ರೇನ್ ತೂಗುತ್ತದೆ. 8 ಗ್ರೇನ್ ಎಂದರೆ ಅರ್ಧ ಗ್ರಾಮಿಗೆ ತುಸು ಹೆಚ್ಚು, ಅಂದಾಜು ನಾಲ್ಕು ಗುಲಗಂಜಿ ತೂಕ.

ಗಿಳಿ, ನವಿಲುಗಳಿಗೆ ಹೊಡೆಯಲು ಯಾವ ಪೆಲೆಟ್ ಒಳ್ಳೆಯದೆಂದು ನನ್ನನ್ನು ಕೇಳುವವರಿದ್ದಾರೆ. ಯಾವುದೂ ಅಲ್ಲ. ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಹಕ್ಕಿಗಳು, ಹೊಡೆದರೆ ಅಪರಾಧ. ಗಿಳಿಗೆ ಹೊಳೆಯುವ ಪಟ್ಟಿ, ತಮಟೆ, ಬೆಳಗ್ಗೆ ಸಂಜೆ ಹೊಲದಲ್ಲಿ ಒಬ್ಬ ಮನುಷ್ಯ ಇರುವುದು, ಇವೇ ನಾನು ಹೇಳುವ ಮದ್ದು.

ಪೆಲೆಟ್ ಸೀಸದ್ದು, ಸೀಸ ವಿಷ. ತುಂಬುವಾಗ ಬಾಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಹುಡುಗರಿಗಿದೆ, ಬಿಡಿಸಿ. ಮುಟ್ಟಿದ ಕೈ ಸೋಪಿನಿಂದ ತೊಳೆಯದೆ ಉಣ್ಣಬೇಡಿ. ಕೋಳಿಗಳು ಕಲ್ಲುಹರಳೆಂದು ಬಿದ್ದ ಪೆಲೆಟ್ ಹೆಕ್ಕಿ ನುಂಗುತ್ತವೆ. ಹಿತ್ತಿಲಲ್ಲಿ ಗುರಿ ಕಲಿಯುವುದಾದರೆ ಹಿಂದೆ ಮರಳು ತುಂಬಿದ ಪೆಟ್ಟಿಗೆ ಇಟ್ಟು, ಆಮೇಲೆ ಜರಡಿ ಹಿಡಿದು ಸೀಸ ತೆಗೆಯಿರಿ.

ಡಬ್ಬಿಯ ಚೀಟಿ ಹರಿದುಹೋಗಿದ್ದರೆ ಅಯಸ್ಕಾಂತ ಹಿಡಿದು ನೋಡಿ. ಉಕ್ಕಿನ ಬಿಬಿ ಅಂಟುತ್ತದೆ, ಸೀಸ ಅಂಟುವುದಿಲ್ಲ. ಆ ರೈತರ ಡಬ್ಬಿಯನ್ನು ಕಚೇರಿಯ ಮೇಜಿನ ಮೇಲೆ ಸುರಿದು, ಹಳೆಯ ರೇಡಿಯೋದ ಸ್ಪೀಕರಿನಿಂದ ಬಿಚ್ಚಿಟ್ಟಿದ್ದ ಅಯಸ್ಕಾಂತ ಹತ್ತಿರ ತಂದೆ. ಒಂದೂ ಉಳಿಯದಂತೆ ಎಲ್ಲವೂ ಎದ್ದು ಅಂಟಿಕೊಂಡವು. ಅವರು ಸ್ವಲ್ಪ ಹೊತ್ತು ನೋಡಿ, ಡಬ್ಬಿಯನ್ನು ಮಾತ್ರ ಜೇಬಿಗೆ ಹಾಕಿಕೊಂಡು, "ಇದನ್ನು ಅಂಗಡಿಯವರಿಗೆ ತೋರಿಸ್ತೀನಿ ಸಾರ್" ಎಂದು ಎದ್ದರು.